ಸರಿಸಿದ ಎರಡು ಚಿಪ್ಪು

ಸಮುದ್ರದ ತಳ ಕಾಣದವರು ಅಲ್ಲಿಯ ಸಂಗತಿ ಹೇಳಬಾರದೇನೋ, ತಪ್ಪಿದ್ದರೆ ಕ್ಷಮೆಯಿರಲಿ. ಆದರೆ ಇದರ ಅರ್ಧ ನಡೆದದ್ದು ಲೂಯಿಸ್‌ವಿಲ್‌ನ ಒಂದು ಮನೆಯಲ್ಲಿ, ಊಟದ ಮೇಜಿನ ಮುಂದೆ.

"ನೋಡವ್ವಾ" ಎಂದು ಶ್ರೀಶೈಲ್ ಲ್ಯಾಪ್‌ಟಾಪನ್ನು ತಾಯಿಯ ಕಡೆ ತಿರುಗಿಸಿದ. ತಾಯಿ ಗಂಗವ್ವ, ಮಗಳು ನಿಧಿಯ ಬಾಣಂತನಕ್ಕೆಂದು ಗದಗಿನಿಂದ ಬಂದಿದ್ದಳು. ಕೂಸಿಗೆ ಹನ್ನೆರಡು ದಿನ. ನಿಧಿ ಮಲಗುವ ಕೋಣೆಯ ಕಿಟಕಿಗೆ ಕೌದಿ ಕಟ್ಟಿತ್ತು. ಬಾಗಿಲು ಸದಾ ಮುಂದಕ್ಕೆ ಮಾಡಿರುತ್ತಿತ್ತು. ಅಣ್ಣನಾದರೂ ಕ್ಯಾಮೆರಾ ಹಿಡಿದು ಒಳಗೆ ಕಾಲಿಡುವಂತಿರಲಿಲ್ಲ.

ಹಿಂದಿನ ದಿನ, ಭಾನುವಾರ, ಅವನು ಐದಾರು ತಾಸು ಕಾರು ಓಡಿಸಿ, ಅದೇ ರಾಜ್ಯದ ಹ್ಯೂಸ್ಟನ್ ದಾಟಿ ಕಡಲಿಗೆ ಹೋಗಿ ಡೈವ್ ಮಾಡಿ ಬಂದಿದ್ದ. ಚಿತ್ರದಲ್ಲಿ ಬಂಡೆಯ ಪೊಟರೆಯೊಳಗೊಂದು ಆಕ್ಟೋಪಸ್, ಅದರ ಮೇಲೆ ಮಲ್ಲಿಗೆ ಮೊಗ್ಗಿನ ಎಳೆಗಳಂತೆ ಜೋತುಬಿದ್ದ ಮೊಟ್ಟೆಗಳು. ನೀರೊಳಗಿನ ಫೋಟೋ ಸ್ಪರ್ಧೆಗೆ ನಾಲ್ಕು ವರ್ಷ ಕಳಿಸಿ ನಾಲ್ಕು ವರ್ಷವೂ ಸೋತಿದ್ದ. ಈ ಸಲದ್ದು ಗೆಲ್ಲುವ ಚಿತ್ರವೆಂದು ಅವನಿಗೆ ಗೊತ್ತಿತ್ತು. ಕಳಿಸಲು ಅಂದು ಸಂಜೆ ಐದರವರೆಗೆ ಸಮಯ. ಅರ್ಜಿಯಲ್ಲಿ ಒಂದು ಪ್ರಶ್ನೆ ಉಳಿದಿತ್ತು: ಪ್ರಾಣಿಯನ್ನಾಗಲಿ ಅದರ ನೆಲೆಯನ್ನಾಗಲಿ ಮುಟ್ಟಿದ್ದೀರಾ? ಹೌದೆಂದರೆ ಚಿತ್ರವನ್ನು ಪರಿಗಣಿಸುವುದಿಲ್ಲ.

ತಾಯಿ ಆಕ್ಟೋಪಸ್ ಏನೂ ತಿನ್ನದೆ ಮೊಟ್ಟೆ ಕಾಯುತ್ತದೆ, ಮೀನು ನುಗ್ಗದಿರಲೆಂದು ಪೊಟರೆಯ ಬಾಯಿಗೆ ಚಿಪ್ಪು ಒಟ್ಟಿಕೊಳ್ಳುತ್ತದೆ ಎಂದು ಅವನೇ ಹೆಮ್ಮೆಯಿಂದ ವಿವರಿಸಿದ.

"ಮತ್ತ ಒಳಗಿಂದು ನಿನಗ ಹೆಂಗ ಕಂಡಿತು?" ಎಂದಳು ಗಂಗವ್ವ.

"ಎರಡು ಚಿಪ್ಪು ಸರಿಸಿದೆ. ಬೆಳಕು ಹೋಗ್ಬೇಕಲ್ಲ."

"ತಿರುಗಿ ಇಟ್ಟ್ಯೋ ಇಲ್ಲೋ?"

"ಸಿಲಿಂಡರಿನ್ಯಾಗ ಗಾಳಿ ಮುಗಿಯಾಕ ಬಂದಿತ್ತು. ಮ್ಯಾಲ ಬಂದೆ."

ಗಂಗವ್ವ ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ಬಾಣಂತಿ ಕೋಣಿ ಬಾಗ್ಲಾ ತಗದು ಹಂಗ ಬಂದಿ ಅನ್ನು."

ಕೋಣೆಯೊಳಗಿಂದ ನಿಧಿ ನಕ್ಕಳು. "ಇಲ್ಲಿ ಬರಾಕ ಹತ್ತು ಸಲ ಕೇಳ್ತಿ ಅಣ್ಣಾ. ಅಲ್ಲಿ ಯಾರ್ನ ಕೇಳಿದ್ದಿ?"

ಅವನೂ ನಗಲು ನೋಡಿದ. ಅದೇನು ಮನುಷ್ಯರೇ ಎಂದ. ಸರಿಸಿದ್ದು ಸ್ವಲ್ಪ, ಅದೇ ಎಳೆದುಕೊಂಡಿರುತ್ತದೆ ಎಂದ. ಗಂಗವ್ವ ಕೂಸಿಗೆ ಎಣ್ಣೆ ಬೆಚ್ಚಗೆ ಮಾಡಲು ಎದ್ದು ಹೋದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ‘ಹೌದು’ ಒತ್ತಿದ. ಆಮೇಲೆ ಡೈವಿಗೆ ಕರೆದೊಯ್ದಿದ್ದ ದೋಣಿಯವನಿಗೆ ಫೋನ್ ಮಾಡಿ ನಾಳೆಯೇ ಹೋಗಬಹುದೇ ಎಂದು ಕೇಳಿದ. ಗಾಳಿ ಜೋರಿದೆ, ಶನಿವಾರದವರೆಗೆ ದೋಣಿ ಬಿಡುವುದಿಲ್ಲ ಎಂಬ ಉತ್ತರ ಬಂತು. ಶ್ರೀಶೈಲ್ ಫೋನನ್ನು ಕೆಳಗಿಟ್ಟು, ಮೇಜಿನ ಮೇಲೆ ಬೆರಳು ಅಗಲಿಸಿದ. ಚಿಪ್ಪು ಸರಿಸಿದ್ದು ಒಂದು ಗೇಣು, ಅಷ್ಟೇ ದೂರ. ಕೈ ಎತ್ತದೆ ಹಾಗೇ ಕುಳಿತ.

ಆ ಆರು ದಿನಗಳಲ್ಲಿ ಚಿಪ್ಪು ಮೊದಲು ಪೊಟರೆಯ ಬಾಯಿಗೆ ಬಂತೋ, ಮೀನುಗಳು ಬಂದವೋ, ನನಗೆ ಗೊತ್ತಿಲ್ಲ.