ಕೆಂಪು ಕಫವೆಲ್ಲ ಧೂಳಲ್ಲ

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಬಿಳಿ ಪಂಚೆ ಉಡುತ್ತಿದ್ದವರು ಎರಡೇ ತರದವರು. ಒಂದು ರಾಜಕಾರಣಿಗಳು, ಇನ್ನೊಂದು ತಮ್ಮ ಬಟ್ಟೆ ತಾವು ಒಗೆಯದವರು. ಸಂಡೂರಿನ ಕಡೆಯಿಂದ ಕಬ್ಬಿಣದ ಅದಿರಿನ ಲಾರಿಗಳು ಹಗಲಿಡೀ ಬರುತ್ತಿದ್ದವು. ಅವುಗಳ ಧೂಳಿಗೆ ಗಿಡ ಕೆಂಪು, ಗೋಡೆ ಕೆಂಪು, ಅಂಗಡಿಯಲ್ಲಿ ತೂಗುಹಾಕಿದ ಬಾಳೆಗೊನೆಯೂ ಕೆಂಪು. ಬೆಳಿಗ್ಗೆ ಮುಖ ತೊಳೆದು ಉಗುಳಿದರೆ ಅದೂ ಕೆಂಪೇ. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ.

ಚಿತ್ತವಾಡ್ಗಿಯ ಅಂಜಿನಯ್ಯನೂ ಹೆದರಲಿಲ್ಲ. ಅವನು ಮೊದಲು ಕಮಲಾಪುರದ ಕಡೆ ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ನೀರು ಎಂದು ತೂಬು ತೆರೆದು ಮುಚ್ಚುವ ಕೆಲಸ. ಗಣಿ ಜೋರಾದಾಗ ಕೂಲಿ ಜಾಸ್ತಿ ಎಂದು ಅದಿರು ಸುರಿಯುವ ಯಾರ್ಡಿಗೆ ಸೇರಿದ. ಮೂವತ್ತು ವರ್ಷದ ಬೀಡಿ, ಐದು ವರ್ಷದ ಧೂಳು, ಈಗ ಎಂಟು ತಿಂಗಳ ಕೆಮ್ಮು. ಅಂಗಿ ಮೈಮೇಲೆ ಜೋತಾಡುತ್ತಿತ್ತು.

ಅವನ ಟವೆಲ್ಲು ಒಗೆಯುತ್ತಿದ್ದವಳು ಹೆಂಡತಿ ಗಾಳೆಮ್ಮ. ಒಗೆಯುವವಳಿಗೆ ತಿಳಿಯದ್ದು ಏನಿದೆ? ಅದಿರಿನ ಧೂಳು ಬಕೀಟಿನ ತಳಕ್ಕೆ ಇಳಿಯುತ್ತದೆ. ಈ ಕೆಂಪು ಇಳಿಯಲಿಲ್ಲ, ನೂಲಿಗೇ ಕಚ್ಚಿಕೊಂಡಿತ್ತು.

"ಅಲ್ರೀ, ಇದು ಮಣ್ಣಲ್ಲ, ರಕ್ತ ಐತಿ," ಎಂದಳು.

"ಲೇ, ಊರಿಗೆ ಊರೇ ಕೆಂಪ್ ಉಗುಳತೈತಿ. ಎಲ್ಲಾರಿಗೂ ರಕ್ತ ಬರತೈತೇನು? ಸುಮ್ಮನಿರು," ಎಂದ ಅಂಜಿನಯ್ಯ. ಆಮೇಲೆ ದನಿ ಇಳಿಸಿದ. "ಗುರುವಾರ ಕಂಪ್ಲಿ ಬೀಗರು ಬರ್ತಾರ. ಈ ಮಾತು ಹೊರಗ ಹೋಗಬಾರ್ದು."

ಅಲ್ಲಿಗೆ ಗಾಳೆಮ್ಮನ ಬಾಯಿ ಕಟ್ಟಿತು. ಮಗಳು ಪಂಪಾವತಿಯನ್ನು ಕಂಪ್ಲಿಯ ಹನುಮಣ್ಣನ ಮಗ ಯಲ್ಲೇಶ್ ಒಪ್ಪಿದ್ದ. ಗುರುವಾರ ಮಾತುಕತೆ ಮುಗಿಯಬೇಕು. ಕಫದಲ್ಲಿ ರಕ್ತ ಎಂದರೆ ಊರವರ ಬಾಯಲ್ಲಿ ಕ್ಯಾನ್ಸರೇ. ಹುಡುಗಿಯ ಅಪ್ಪನಿಗೆ ಕ್ಯಾನ್ಸರ್ ಎಂಬ ಸುದ್ದಿ ಹಬ್ಬಿದರೆ, ಅದು ರಕ್ತದಲ್ಲೇ ಬರುವ ರೋಗ, ನಾಳೆ ಮೊಮ್ಮಕ್ಕಳಿಗೂ ಬರುತ್ತದೆ ಅಂದುಬಿಟ್ಟರೆ? ಗಾಳೆಮ್ಮ ಮಗಳು ಏಳುವ ಮೊದಲೇ ಟವೆಲ್ಲು ಒಗೆದು ಹಿತ್ತಲಲ್ಲಿ ಒಣಗಿಸತೊಡಗಿದಳು. ಗಂಡ ಕೆಮ್ಮಿದಾಗಲೆಲ್ಲ ಬೀದಿ ಬಾಗಿಲು ಮುಂದಕ್ಕೆ ಎಳೆಯುತ್ತಿದ್ದಳು.

ಸೋಮವಾರ ಕೂಸುಗಳಿಗೆ ಲಸಿಕೆ ಹಾಕಲು ಓಣಿಗೆ ಬಂದ ನರ್ಸ್ ಗಂಗಾಂಬಿಕಾ ನೀರು ಕೇಳಿ ಹಿತ್ತಲಿಗೇ ಬಂದುಬಿಟ್ಟರು. ಗಾಳೆಮ್ಮನ ಕೈಯಲ್ಲಿ ಟವೆಲ್ಲು ಇತ್ತು.

"ಇದು ಎಷ್ಟು ದಿನದಿಂದ, ಗಾಳೆಮ್ಮ?"

ಗಾಳೆಮ್ಮನಿಗೆ ಅಳು ತಡೆಯಲಾಗಲಿಲ್ಲ. ಅಂಜಿನಯ್ಯ ಹೊರಗೆ ಬಂದು ಸಿಡುಕಿದ.

"ಸಿಸ್ಟರ್, ನಮ್ಮಪ್ಪಗ ಇಲ್ಲ, ನಮ್ಮಜ್ಜಗ ಇಲ್ಲ. ನನಗೆಲ್ಲಿಂದ ಬರತೈತಿ ಕ್ಯಾನ್ಸರ್?"

"ಕ್ಯಾನ್ಸರ್ ಅಂತ ನಾನು ಹೇಳಿಲ್ಲ. ಟಿ.ಬಿ.ನೂ ಇರಬಹುದು, ಬ್ಯಾರೆ ಏನರ ಇರಬಹುದು. ನೋಡಿದ್ರ ತಾನೇ ತಿಳಿಯೋದು? ಕುಂದ್ರಿ ಇಲ್ಲಿ," ಎಂದರು ಗಂಗಾಂಬಿಕಾ. "ನೀವು ನೀರುಗಂಟಿ ಇದ್ರಲ್ಲ, ಒಂದು ಮಾತು ಹೇಳ್ರಿ. ಎಲ್ಲಾ ತೂಬೂ ಒಮ್ಮೆಗೇ ತೆರೀತಿದ್ರೇನು?"

"ತೆರೆದ್ರ ಗದ್ದಿ ಉಳೀತೈತಾ? ಪಾಳಿ ಪ್ರಕಾರ ತೆರೀಬೇಕು, ಸಾಕಾದ್ರ ಮುಚ್ಚಬೇಕು."

"ಹಂಗೇ ನಮ್ಮ ಮೈಯಾಗೂ. ಒಂದೊಂದು ಜೀವಕೋಶದಾಗೂ ಜೀನ್ ಅನ್ನೋ ತೂಬು ಸಾವಿರಾರು ಇರ್ತಾವ. ಎಲ್ಲವೂ ಒಮ್ಮೆಗೇ ಕೆಲಸ ಮಾಡಂಗಿಲ್ಲ. 'ಬೆಳಿ' ಅನ್ನೋ ಜೀನ್ ಇರ್ತಾವ, 'ಸಾಕು, ನಿಲ್ಲು' ಅನ್ನೋವೂ ಇರ್ತಾವ. ಬೆರಳು ಕೊಯ್ಕೊಂಡ್ರ ಚರ್ಮ ಬೆಳೆದು ಕೂಡ್ಕೊಂಡು ಅಲ್ಲಿಗೇ ನಿಲ್ತೈತಲ್ಲ, ಅದು ಅವುಗಳ ಕೆಲಸ. ವರ್ಷಗಟ್ಟಲೆ ಬೀಡಿ ಹೊಗಿ ಬಡಿದ್ರ ಪುಪ್ಪುಸದಾಗಿನ, ಅಂದ್ರ ಶ್ವಾಸಕೋಶದಾಗಿನ, ಈ ಜೀನ್ ಕೆಡ್ತಾವ. ಅದಿರಿನ ಕಲ್ಲುಪುಡಿ ಧೂಳೂ ಒಳ್ಳೇದಲ್ಲ. ಆಗ 'ಬೆಳಿ' ಅನ್ನೋದು ತೆರೆದೇ ಉಳೀತೈತಿ, 'ನಿಲ್ಲು' ಅನ್ನೋದು ಮುಚ್ಚಿ ಹೋಗ್ತೈತಿ. ಗಂಟು ಬೆಳೀತೈತಿ."

ಅಂಜಿನಯ್ಯ ಕಟ್ಟೆಯ ಮೇಲೆ ಕುಳಿತ. ಗಂಗಾಂಬಿಕಾ ಮುಂದುವರಿಸಿದರು.

"ಇನ್ನ ಕೆಲವು ಜೀನ್ ಅದಾವ. ಪಕ್ಕದ ಜೀವಕೋಶದ ಕೈ ಬಿಡಬ್ಯಾಡ, ಇದ್ದಲ್ಲೇ ಇರು ಅಂತ ಹಿಡಿದಿರ್ತಾವ. ಅವೂ ಸಡಿಲಾದ್ರ ಕ್ಯಾನ್ಸರ್ ಜೀವಕೋಶ ರಕ್ತಕ್ಕ ಇಳಿದು ಎಲುಬಿಗೆ, ಮಿದುಳಿಗೆ ಹೋಗಿ ಕುಂದ್ರತಾವ. ಒಡ್ಡು ಒಡೆದ ಮ್ಯಾಲೆ ನೀರು ಯಾರ ಮಾತು ಕೇಳತೈತಿ?"

"ಕೇಳಂಗಿಲ್ಲ," ಎಂದ ಅಂಜಿನಯ್ಯ. ದನಿ ಸಣ್ಣದಾಗಿತ್ತು.

ಗಾಳೆಮ್ಮ ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಹೊರಬಿತ್ತು. "ಜೀನ್ ಅಂದ್ರ ಹೆತ್ತವರಿಂದ ಮಕ್ಕಳಿಗೆ ಬರೋದಲ್ಲೇನ್ರಿ? ನಮ್ಮ ಪಂಪಾವತಿಗೆ…?"

"ಹುಟ್ಟುತ್ತಲೇ ಬರೋದು ಬ್ಯಾರೆ, ಬದುಕಿನಾಗ ಕೆಡೋದು ಬ್ಯಾರೆ. ಪುಪ್ಪುಸದ ಕ್ಯಾನ್ಸರಿನ್ಯಾಗ ಹೆಚ್ಚಿನಂಶ ಕೆಡೋದು ಆ ಮನುಷ್ಯನ ಪುಪ್ಪುಸದಾಗಷ್ಟೇ. ಆ ಕೆಟ್ಟ ಜೀನ್ ಮಗಳಿಗೆ ಹೋಗಂಗಿಲ್ಲ. ಕೆಲವು ಮನೆತನದಾಗ ಅಪಾಯ ಸ್ವಲ್ಪ ಜಾಸ್ತಿ ಇರ್ತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಮಗಳಿಗೆ ಇವರಿಂದ ಈಗ ಖರೇನೇ ಹೋಗ್ತಿರೋದು ಬೀಡಿ ಹೊಗಿ. ಅದನ್ನ ಮೊದಲು ಬಿಡಸ್ರಿ."

ಬಾಗಿಲಲ್ಲಿ ಪಂಪಾವತಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಪ್ಪಾ, ನನ್ನ ಮದುವಿಗೋಸ್ಕರ ಇದನ್ನ ಮುಚ್ಚಿಟ್ಟೀಯೇನು? ನೀ ಇಲ್ದ ನನಗ ಧಾರೆ ಎರೆಯೋರು ಯಾರು?"

"ನಾಳೆ ದವಾಖಾನಿಗೆ ಹೋಗೋಣ," ಎಂದ ಅಂಜಿನಯ್ಯ. ಮರುದಿನ ಸರ್ಕಾರಿ ಆಸ್ಪತ್ರೆಗೆ ಹೋದರು. ಕಫ ಪರೀಕ್ಷೆಯಲ್ಲಿ ಟಿ.ಬಿ. ಕಾಣಲಿಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಒಂದು ಗಂಟು ಕಂಡಿತು. ಬೆಂಗಳೂರಿಗೆ ಹೋಗಿ ಗಂಟಿನ ಚೂರು ತೆಗೆಸಿ ನೋಡಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆ ಎರಡು ದಿನ ಮನೆಯಲ್ಲಿ ಒಲೆ ಹೊತ್ತಿತು, ಅನ್ನ ಹಾಗೇ ಉಳಿಯಿತು.

ಗುರುವಾರ ಬೀಗರು ಬಂದರು. ಹನುಮಣ್ಣ ಅದಿರು ಲಾರಿಯ ಡ್ರೈವರ್, ಗಟ್ಟಿ ದನಿಯ ಮನುಷ್ಯ. ಚಹಾ ಕೊಡಲು ಬಂದ ಪಂಪಾವತಿ ಲೋಟ ಇಟ್ಟು ಹಿಂದಕ್ಕೆ ಹೋಗಲಿಲ್ಲ.

"ಮಾವಾರ, ನಮ್ಮಪ್ಪಗ ಕಫದಾಗ ರಕ್ತ ಬೀಳ್ತೈತಿ. ಪುಪ್ಪುಸದಾಗ ಗಂಟೈತಿ. ಕ್ಯಾನ್ಸರ್ ಇರಬಹುದು ಅಂದಾರ. ಮುಚ್ಚಿಟ್ಟು ಮದುವಿ ಆಗಾಕ ನನಗ ಮನಸ್ಸಿಲ್ಲ. ನೀವು ಬ್ಯಾಡ ಅಂದ್ರೂ ನಾವು ಬೆಂಗಳೂರಿಗೆ ಹೊಂಟೀವಿ."

ಗಾಳೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮುಗೀತು ಅಂದುಕೊಂಡಳು. ಹನುಮಣ್ಣ ಚಹಾದ ಲೋಟ ಕೆಳಗಿಟ್ಟ.

"ಬಸ್ಸು ಎಷ್ಟು ಗಂಟೆಗೈತಿ, ಬೀಗರ?" ಎಂದು ಕೇಳಿದ. "ನನಗೂ ಮೂರು ತಿಂಗಳಿಂದ ರಕ್ತ ಬೀಳ್ತೈತಿ. ಮಗನ ಮದುವಿ ನಿಂತೀತು ಅಂತ ಮನ್ಯಾಗೂ ಹೇಳಿಲ್ಲ."

ಗಂಗಾಂಬಿಕಾ ಹನುಮಣ್ಣನಿಗೆ ಮೊದಲು ಇಲ್ಲೇ ಕಫ ಪರೀಕ್ಷೆ ಮಾಡಿಸಿದರು. ಅವನದು ಟಿ.ಬಿ. ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಂಡರೆ ವಾಸಿಯಾಗುವಂಥದ್ದು. ಬೆಂಗಳೂರಿನಲ್ಲಿ ಗಂಟಿನ ಚೂರು ತೆಗೆದು ನೋಡಿದರೆ ಅಂಜಿನಯ್ಯನದು ಕ್ಯಾನ್ಸರೇ. ಬೇರೆ ಕಡೆ ಇನ್ನೂ ಹರಡಿರಲಿಲ್ಲ, ಆಪರೇಷನ್ ಆಯಿತು. ಯಲ್ಲೇಶ್ ಮತ್ತು ಪಂಪಾವತಿಯ ಮದುವೆಯೂ ಆಯಿತು. ಅಂಜಿನಯ್ಯ ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿ ಬರುತ್ತಾನೆ. ಪ್ರತಿ ಸಲವೂ ರಿಪೋರ್ಟು ಕೈಗೆ ಬರುವವರೆಗೆ ಗಾಳೆಮ್ಮನಿಗೆ ಜೀವದಲ್ಲಿ ಜೀವ ಇರುವುದಿಲ್ಲ. ಎಂಟು ತಿಂಗಳು ಮೊದಲೇ ಆಸ್ಪತ್ರೆಗೆ ಹೋಗಿದ್ದರೆ ಇಷ್ಟು ಹೆದರಬೇಕಿತ್ತೇ ಎಂದು ಅವಳು ಈಗಲೂ ಕೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ದಾಟಿದ ಕೆಮ್ಮನ್ನು ಧೂಳಿನ ತಲೆಗೆ ಕಟ್ಟಬೇಡಿ. ಕಫದಲ್ಲಿ ರಕ್ತ ಬಿದ್ದರೆ, ಎದೆ ನೋಯುತ್ತಿದ್ದರೆ, ಸುಮ್ಮಸುಮ್ಮನೆ ತೂಕ ಇಳಿದರೆ ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೀಡಿ ಬಿಡಿ. ನಿಮ್ಮ ಮನೆಯಲ್ಲಿ ಯಾರೋ ಬಾಯಿಗೆ ಬಟ್ಟೆ ಹಿಡಿದು ಮೆಲ್ಲಗೆ ಕೆಮ್ಮುತ್ತಿರಬಹುದು, ನಿಮಗೆ ಕೇಳಬಾರದೆಂದು. ಎದ್ದು ಹೋಗಿ ಕೇಳಿ: ಎಷ್ಟು ದಿನ ಆಯಿತು?