ಪಟಿಕ ಕಾಣದ ಹಳದಿ

"ಈ ಹಕ್ಕಿ ಪುಸ್ತಕದಲ್ಲಿ ಇಲ್ಲ," ಎಂದರು ಭಾವ, ದುರ್ಬೀನನ್ನು ಕಣ್ಣಿನಿಂದ ತೆಗೆಯದೆ. "ಎರಡು ಪುಸ್ತಕ ನೋಡಿದೆ, ಎರಡರಲ್ಲೂ ಇಲ್ಲ. ಹಾಗಂದ್ರೆ ಏನರ್ಥ ಅಂತ ಗೊತ್ತಾ ನಿಂಗೆ?"

"ನಂಗೇನು ಗೊತ್ತಾಗುತ್ತೆ ಭಾವ. ನನ್ನ ಕಣ್ಣಿಗೆ ಬಣ್ಣ ಮೆತ್ಕೊಂಡಿದೆಯಲ್ಲ."

ಅದು ಅವರದೇ ಮಾತು. ಅವರು ಮರೆತಿದ್ದರು, ನಾನು ಮರೆತಿರಲಿಲ್ಲ.

ಭಾವ ಅಂದರೆ ನಮ್ಮಕ್ಕನ ಗಂಡ, ಊರಿನ ಪಕ್ಷಿವೀಕ್ಷಕರ ಸಂಘದ ಕಾರ್ಯದರ್ಶಿ. ಮುಂದಿನ ಮನೆಯಲ್ಲಿ ಅವರಿಬ್ಬರು. ಹಿತ್ತಿಲಿನ ಶೆಡ್ಡಿನಲ್ಲಿ ನಾನು, ನನ್ನ ಒಲೆ, ಹಂಡೆ, ತೊಟ್ಟಿ. ಬಟ್ಟೆಗೆ ಬಣ್ಣ ಹಾಕುವುದು ನನ್ನ ಕಸುಬು. ನಡುವೆ ತೋಟ.

ಮೂರು ವರ್ಷದ ಹಿಂದೆ ಇದೇ ತೋಟಕ್ಕೆ ಗುರುತಿಲ್ಲದ ಹಕ್ಕಿಯೊಂದು ಬಂದಿತ್ತು. ಒಲೆಯ ಮುಂದೆ ಕೂತೇ ಹನ್ನೊಂದು ದಿನ ಅದನ್ನು ನೋಡಿದೆ. ಕೊಕ್ಕು, ಕಾಲು, ಕೂಗು, ಬಾಲ ಕುಣಿಸುವ ರೀತಿ ಎಲ್ಲವನ್ನೂ ಬಣ್ಣದ ಮಾದರಿ ಚೀಟಿಗಳ ಹಿಂಬದಿಯಲ್ಲಿ ಬರೆದು ಭಾವನ ಕೈಗಿಟ್ಟೆ. ಅವತ್ತು ವರಾಂಡದಲ್ಲಿ ಸಂಘದವರೆಲ್ಲ ಕೂತಿದ್ದರು. ಭಾವ ಚೀಟಿ ಎತ್ತಿ ಹಿಡಿದು, ನಮ್ಮ ನಾದಿನಿಗೆ ಪಾರಿವಾಳವೂ ಅಪರೂಪದ ಹಕ್ಕಿ, ಪಾಪ, ಕಣ್ಣಿಗೇ ಬಣ್ಣ ಮೆತ್ತಿಕೊಂಡಿದೆ ಎಂದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾಲ್ಕು ತಿಂಗಳ ಮೇಲೆ ಸಂಘದ ಪತ್ರಿಕೆಯಲ್ಲಿ ಆ ಹಕ್ಕಿ ಅಚ್ಚಾಯಿತು. 'ಆಗತಾನೆ ಉಜ್ಜಿಟ್ಟ ತಾಮ್ರದಂಥ ಎದೆ' ಎಂಬ ನನ್ನ ಮಾತು ಇದ್ದ ಹಾಗೇ ಇತ್ತು. ಕೆಳಗೆ ಭಾವನ ಹೆಸರು. ಅಕ್ಕ ಆ ಪುಟಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದಳು.

ಈಗ ಬಂದಿರುವ ಹಳದಿ ಹಕ್ಕಿ ಯಾವುದೆಂದು ಮೊದಲ ದಿನವೇ ನನಗೆ ಗೊತ್ತಾಗಿತ್ತು. ಅದು ಗುಬ್ಬಿ. ಎಡಗಾಲಲ್ಲಿ ಒಂದು ಬೆರಳಿಲ್ಲದ ಹೆಣ್ಣು ಗುಬ್ಬಿ. ಎರಡು ವರ್ಷದಿಂದ ನನ್ನ ಕೈಯ ಕಾಳು ತಿಂದವಳು, ನಾನು ಕುಂಟಮ್ಮ ಎಂದು ಕರೆಯುವವಳು. ಚೆಂಡುಹೂ ಬೇಯಿಸಿದ ನೀರನ್ನು ತೊಟ್ಟಿಯಲ್ಲಿ ಆರಲು ಬಿಟ್ಟಿದ್ದೆ, ಇವಳು ಅದರ ಅಂಚಿನಲ್ಲಿ ಇಳಿದು ಸ್ನಾನ ಮಾಡಿದ್ದಳು. ಬಟ್ಟೆಯನ್ನು ಮೊದಲು ಪಟಿಕದ ನೀರಲ್ಲಿ ನೆನೆಸಿದರಷ್ಟೇ ಈ ಹಳದಿ ಕಚ್ಚುತ್ತದೆ. ಪಟಿಕ ಕಾಣದ ಹಳದಿ ತಣ್ಣೀರಿಗೆ ಬಿಟ್ಟುಹೋಗುತ್ತದೆ. ತಿಕ್ಕಿದರೆ ಮಾತ್ರ ಕಲೆ ಇನ್ನಷ್ಟು ಹರಡುತ್ತದೆ. ತೊಟ್ಟಿಗೆ ಮುಚ್ಚಳ ಹಾಕಿದ್ದರೆ ಮಾರನೆಯ ದಿನಕ್ಕೇ ಭಾವನ ಹೊಸ ಹಕ್ಕಿ ಇಲ್ಲವಾಗುತ್ತಿತ್ತು.

ನಾನು ಹಾಕಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ಹೊಸ ನೀರು ಕಾಯಿಸಿ, ಆರಿಸಿ, ಕುಂಟಮ್ಮ ಬರುವ ಹೊತ್ತಿಗೆ ತೊಟ್ಟಿ ತುಂಬಿಸಿದೆ. ಆ ಬಣ್ಣಕ್ಕೆ ಹಾಕಲು ನನ್ನ ಹತ್ತಿರ ಬಟ್ಟೆಯೇ ಇರಲಿಲ್ಲ.

ಐದನೆಯ ದಿನ ಅಕ್ಕ ಬಂದು ತೊಟ್ಟಿಯ ಅಂಚಿನ ಹಳದಿ ಹೆಜ್ಜೆಗಳನ್ನು ನೋಡಿದಳು. ನನ್ನ ಮುಖ ನೋಡಿದಳು.

"ಮುಚ್ಚೇ ಅದನ್ನ," ಅಂದಳು ಮೆಲ್ಲಗೆ. "ಅವರು ಸಂಘದವರಿಗೆಲ್ಲ ಕಾಗದ ಬರೀತಿದ್ದಾರೆ."

"ಈ ಹಕ್ಕಿ ಯಾವುದು ಅಂತ ಒಂದೇ ಒಂದು ಸಲ ನನ್ನ ಕೇಳಲಿ, ಅಕ್ಕ. ಅವತ್ತೇ ಮುಚ್ತೀನಿ."

ಅಕ್ಕ ನಿಟ್ಟುಸಿರು ಬಿಟ್ಟು ಹೋದಳು. ಗಂಡನಿಗೆ ಹೇಳಿದಳೋ ಇಲ್ಲವೋ. ಹೇಳಿದ್ದರೂ ಅವರು ಕಿವಿಗೆ ಹಾಕಿಕೊಳ್ಳುವ ಪೈಕಿಯಲ್ಲ.

ಅವರು ನನ್ನನ್ನು ಕೇಳಲಿಲ್ಲ. ತಮ್ಮ ಮನೆತನದ ಹೆಸರನ್ನೇ ಹಕ್ಕಿಗೆ ಇಟ್ಟು ಎರಡು ಪುಟ ಬರೆದರು. ಭಾನುವಾರ ಬೆಳಿಗ್ಗೆ ಸಂಘದವರೆಲ್ಲ ಬಂದರು, ಅವತ್ತು ನಕ್ಕವರೇ. ತೋಟದಲ್ಲಿ ಕುರ್ಚಿ ಹಾಕಿದ್ದು ನಾನು. ಅದಕ್ಕೂ ಮುಂಚೆ ತೊಟ್ಟಿಯ ಹಳದಿ ನೀರು ಚೆಲ್ಲಿ, ತಿಕ್ಕಿ ತೊಳೆದು, ಬಾವಿಯ ತಿಳಿನೀರು ತುಂಬಿಸಿದ್ದೆ.

ಭಾವ ಬಿಳಿ ಅಂಗಿ ತೊಟ್ಟು ಎದ್ದುನಿಂತು ಓದತೊಡಗಿದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕುಂಟಮ್ಮ ಬಂದಳು. ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಅವಳು ತೊಟ್ಟಿಗಿಳಿದು ಮುಳುಗಿದಳು, ರೆಕ್ಕೆ ಬಡಿದಳು, ಮತ್ತೆ ಮುಳುಗಿದಳು. ನೀರಿಗೆ ಹಳದಿ ಇಳಿಯಿತು. ಮೇಲೆದ್ದು ಅಂಚಿನಲ್ಲಿ ಕೂತಾಗ ಹೊಟ್ಟೆಯ ಹತ್ತಿರ ಒಂದಿಷ್ಟು ಉಳಿದಿತ್ತು, ಅಷ್ಟೇ.

ಸಂಘದ ಅಧ್ಯಕ್ಷೆ, ದನದ ಡಾಕ್ಟರಮ್ಮ, ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. "ಇದು ಗುಬ್ಬಿ ಅಲ್ವೇನ್ರೀ?"

ಯಾರೋ ಹಿಂದಿನ ಸಾಲಿನಲ್ಲಿ ಕೆಮ್ಮಿದರು. ಆಮೇಲೆ ನಗು ಒಂದೊಂದೇ ಕುರ್ಚಿ ದಾಟಿ ಮುಂದಕ್ಕೆ ಬಂತು. ಅದು ಮೊದಲ ಸಾಲು ಮುಟ್ಟುವವರೆಗೂ ನಾನು ಕಾದೆ. ಹೊಟ್ಟೆ ತಣ್ಣಗಾಯಿತು.

ಭಾವ ನನ್ನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಒಂಬತ್ತು ದಿನದಿಂದ."

"ಬಾಯಿಬಿಟ್ಟು ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಅದೂ ನಿಮ್ಮ ಹೆಸರಲ್ಲೇ ಅಚ್ಚಾಗ್ತಿತ್ತು, ಭಾವ."

ಕುಂಟಮ್ಮ ಹಾರಿಬಂದು ಅವರ ಕುರ್ಚಿಯ ಬೆನ್ನಿನ ಮೇಲೆ ಕೂತು ಮೈ ಕೊಡವಿದಳು. ಬಿಳಿ ಅಂಗಿಯ ತೋಳಿಗೆ ಒಂದು ಹಳದಿ ಹನಿ ಬಿತ್ತು. ಭಾವ ಅದನ್ನು ಹೆಬ್ಬೆರಳಿನಿಂದ ತಿಕ್ಕಿದರು, ಮತ್ತೆ ತಿಕ್ಕಿದರು.