ಗ್ರೆಚೆನ್‌ಗೆ ಹೇಳಬಾರದ ಸುದ್ದಿ

ಬರ್ಬ್ಯಾಂಕಿನ ಆ ಕಾರ್ಟೂನ್ ಸ್ಟುಡಿಯೋದಲ್ಲಿ ಕರಿಯರು ಇಬ್ಬರೇ. ಹಾಸ್ಯ ಧಾರಾವಾಹಿ ಬರೆಯುವ ನೆಡ್ರಾ, ಚಿತ್ರ ಬಿಡಿಸುವವರಲ್ಲಿ ಒಬ್ಬನಾದ ರೋಸ್ಕೋ. ಹಿರಿಯ ಬರಹಗಾರ್ತಿ ಗ್ರೆಚೆನ್ ಬಿಳಿಯಳು, ಮನಸ್ಸು ಒಳ್ಳೆಯದು. ಒಂದು ಮಧ್ಯಾಹ್ನ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, "ನಿಮ್ಗೆ ಮಾತಾಡೋಕೆ ಎಷ್ಟೊಂದಿರುತ್ತೆ" ಎಂದು ಎದ್ದುಹೋದಳು.

"ಏನಿರುತ್ತೆ?" ಎಂದ ರೋಸ್ಕೋ.

ನೆಡ್ರಾಗೆ ನಗು ಬಂತು. ಆದರೆ ಸುತ್ತಲಿನವರೆಲ್ಲ ಇತ್ತಲೇ ನೋಡುತ್ತಿದ್ದರು. ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಆ ಸಿಟ್ಟಿನಲ್ಲೇ ಒಂದು ಕಂತು ಬರೆದಳು. ಬಣ್ಣ ಒಂದೇ ಎಂಬ ಕಾರಣಕ್ಕೆ ಬೀದಿಯವರೆಲ್ಲ ಸೇರಿ ಒಬ್ಬ ಹಲ್ಲಿನ ಡಾಕ್ಟರಮ್ಮನನ್ನೂ ಬಸ್ ಡ್ರೈವರನನ್ನೂ ಗಂಟುಹಾಕಲು ಹೊರಡುತ್ತಾರೆ. ಅವರಿಬ್ಬರಿಗೋ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಓದಿದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಗ್ರೆಚೆನ್. "ಇಂಥ ಜನ ನಿಜವಾಗ್ಲೂ ಇರ್ತಾರೆ ಕಣೆ" ಎಂದಳು.

ಚಿತ್ರ ಬಿಡಿಸುವ ಕೆಲಸ ರೋಸ್ಕೋ ಪಾಲಿಗೆ ಬಂತೆಂದು ತಿಳಿದಾಗ ನೆಡ್ರಾ ಆ ಕಂತನ್ನು ಮತ್ತೆ ತೆಗೆದು ಓದಿದಳು. 'ಇವನು ಬಾಯಿ ತೆರೆದರೆ ನನಗೆ ಆಕಳಿಕೆ' ಎನ್ನುತ್ತಾಳೆ ಡಾಕ್ಟರಮ್ಮ. ಅದು ತನಗೇ ಅಂದದ್ದು ಎಂದು ರೋಸ್ಕೋ ತಿಳಿದುಕೊಂಡರೆ? ನಿಜಕ್ಕೂ ಅವನು ಅವಳಿಗೆ ಹಿಡಿಸಿದ್ದ. ಒಪ್ಪಿಕೊಂಡರೆ ಗ್ರೆಚೆನ್ ಗೆದ್ದಂತೆ. ಅವನ ಕಣ್ಣು ತಪ್ಪಿಸಿ ಹಿಂದಿನ ಮೆಟ್ಟಿಲಲ್ಲಿ ಓಡಾಡತೊಡಗಿದಳು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅಕ್ಕ ಫೋನಿನಲ್ಲಿ ಬೈದಳು. "ಅವ್ನು ಬಿಳಿಯ ಆಗಿದ್ರೆ ಇಷ್ಟು ಯೋಚ್ನೆ ಮಾಡ್ತಿದ್ಯೇನೆ?"

ನೆಡ್ರಾ ಫೋನಿಟ್ಟಳು.

ಒಂದು ದಿನ ರೋಸ್ಕೋ ಚಿತ್ರಗಳನ್ನು ಹಿಡಿದು ಅವಳ ಮೇಜಿಗೇ ಬಂದ. "ಒಂದು ಅನುಮಾನ. ಈ ಡಾಕ್ಟರಮ್ಮ ಆ ಡ್ರೈವರನ್ನ ಒಂದು ಮಾತೂ ಕೇಳೋದಿಲ್ವಲ್ಲ, ಯಾಕೆ?"

"ಎಲ್ಲರೂ ನೋಡ್ತಿದಾರಲ್ಲ."

"ಯಾರೂ ನೋಡದೆ ಇದ್ರೆ?"

ನೆಡ್ರಾ ಬಾಗಿಲ ಕಡೆ ಕಣ್ಣು ಹಾಯಿಸಿದಳು. "ಲಾಂಗ್ ಬೀಚಿನಲ್ಲಿ ಒಂದು ಮೀನಿನ ಹೋಟ್ಲಿದೆ" ಎಂದಳು. "ನಮ್ಮ ಆಫೀಸಿನವ್ರು ಅಷ್ಟು ದೂರ ಬರಲ್ಲ."

ಶನಿವಾರ ಹೋದರು. ಹಳೇ ತುತ್ತೂರಿಗಳನ್ನು ರಿಪೇರಿ ಮಾಡುತ್ತಿದ್ದ ಅಪ್ಪನ ಕಥೆಯನ್ನು ಅವನು ಹೇಳಿದ. ಅವಳು ಕೇಳುತ್ತಲೇ ಹೋದಳು. ಬಾಗಿಲು ತೆರೆದಾಗಲೆಲ್ಲ ಮಾತ್ರ ಬೆಚ್ಚಿ ತಿರುಗುತ್ತಿದ್ದಳು.

ಅಂಥ ಎಷ್ಟೋ ಶನಿವಾರಗಳು ಕಳೆದು ಮದುವೆ ಗೊತ್ತಾದ ಮೇಲೂ ಆಫೀಸಿನಲ್ಲಿ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಉಣ್ಣುತ್ತಿದ್ದರು. "ಗ್ರೆಚೆನ್‌ನ ಕರೆಯೋದಾ?" ಎಂದು ಕೇಳಿದ ರೋಸ್ಕೋ.

"ಕರೆದ್ರೆ ಊರಿಗೆಲ್ಲ ಹೇಳ್ತಾಳೆ, ತಾನೇ ಮಾಡಿಸಿದ್ದು ಅಂತ."

"ಹೌದು ತಾನೆ?"

ನೆಡ್ರಾ ಮತ್ತೊಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು. "ನಾಳೆ ಯೋಚಿಸೋಣ" ಎಂದಳು.